ಓಡಿದರೆ ಸಾಲದು, ಗೇಟು ನಿಲ್ಲಲೂ ಬೇಕು

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮೋಟಾರು ಚಾಲಿತ ಗೇಟು ಈಗ ಸಿರಿವಂತರ ಬಂಗಲೆಗಳಿಗಷ್ಟೇ ಮೀಸಲಾದ ವೈಭವವಾಗಿ ಉಳಿದಿಲ್ಲ. ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗೂ ಅದು ಬಂದಿದೆ. ಇದಕ್ಕೆ ಕಾರಣವೂ ಇದೆ. ಕಿರಿದಾದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಇಳಿದು, ಭಾರವಾದ ಕಬ್ಬಿಣದ ಗೇಟನ್ನು ತಳ್ಳಿ, ಮತ್ತೆ ಕಾರು ಹತ್ತುವಷ್ಟರಲ್ಲಿ ಹಿಂದಿನ ವಾಹನಗಳ ಹಾರನ್ನು ಮೊಳಗಿರುತ್ತದೆ. ರೆಕ್ಕೆಯಂತೆ ಒಳಕ್ಕೆ ತೆರೆದುಕೊಳ್ಳುವ ಗೇಟಿಗೆ ಕಾರು ನಿಂತ ಮೇಲೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಕಾಂಪೌಂಡು ಗೋಡೆಗೆ ಸಮಾನಾಂತರವಾಗಿ ಹಳಿಯ ಮೇಲೆ ಸರಿಯುವ ಗೇಟು, ಅದಕ್ಕೊಂದು ಮೋಟಾರು, ಕೈಯಲ್ಲೊಂದು ರಿಮೋಟು. ವಯಸ್ಸಾದವರಿಗೂ ಒಂಟಿಯಾಗಿ ಇರುವವರಿಗೂ ಇದು ನಿಜವಾದ ಅನುಕೂಲವೇ ಹೌದು.

ತೊಡಕು ಆರಂಭವಾಗುವುದು ಈ ಗೇಟು ಕೆಟ್ಟಾಗ. ಕಾರು ಒಳಗೆ ಸಿಲುಕಿದೆ, ಕಚೇರಿಗೆ ಹೊತ್ತಾಗಿದೆ. ಅಥವಾ ರಾತ್ರಿಯಾಗಿದೆ, ಗೇಟು ಬಾಯಿ ತೆರೆದುಕೊಂಡೇ ನಿಂತಿದೆ. ದುರಸ್ತಿಗೆ ಬಂದವನ ಮುಂದೆ ಮನೆಯವರು ಇಡುವ ಬೇಡಿಕೆ ಒಂದೇ: ಹೇಗಾದರೂ ಮಾಡಿ ಓಡಿಸಪ್ಪ. ಅವನು ಓಡಿಸುತ್ತಾನೆ. ಗೇಟು ಓಡಿತೆಂದರೆ ದುರಸ್ತಿ ಮುಗಿಯಿತೆಂದು ಎರಡೂ ಕಡೆಯವರು ಭಾವಿಸುತ್ತಾರೆ. ಅಪಾಯದ ಬೀಜವಿರುವುದು ಈ ಭಾವನೆಯಲ್ಲಿಯೇ. ತಡೆ ಎದುರಾದಾಗ ಗೇಟು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಆ ದುರಸ್ತಿ ಪೂರ್ಣವಾಗುವುದಿಲ್ಲ.

ಯಂತ್ರದ ರಚನೆ ಸರಳ. ಗೇಟಿನ ತಳಭಾಗದ ಉದ್ದಕ್ಕೂ ಹಲ್ಲುಗಳಿರುವ ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ಕಂಬದ ಬಳಿ ನೆಲಕ್ಕೆ ಬಿಗಿದ ಮೋಟಾರಿನ ಹಲ್ಲುಚಕ್ರ ಈ ಪಟ್ಟಿಗೆ ಕಚ್ಚಿಕೊಂಡು ತಿರುಗಿದಂತೆ ಗೇಟು ಸರಿಯುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಎರಡು ತುದಿಗಳಲ್ಲಿರುವ ಮಿತಿ ಸ್ವಿಚ್ಚುಗಳು ತಿಳಿಸುತ್ತವೆ. ಮನೆಯ ಗೇಟೊಂದು ನಿಮಿಷಕ್ಕೆ ಸುಮಾರು 10 ಮೀಟರ್ ವೇಗದಲ್ಲಿ ಚಲಿಸುತ್ತದೆ; ನೋಡಲು ನಿಧಾನವೇ. ಆದರೆ ಮುನ್ನೂರು–ನಾನೂರು ಕಿಲೋ ತೂಗುವ ಕಬ್ಬಿಣ ಚಲನೆಯಲ್ಲಿದ್ದಾಗ, ಹಿಂದಿನಿಂದ ಮೋಟಾರು ತಳ್ಳುತ್ತಲೇ ಇರುವಾಗ, ವೇಗಕ್ಕಿಂತ ಬಲದ ಲೆಕ್ಕ ಮುಖ್ಯವಾಗುತ್ತದೆ.

ಈ ಬಲಕ್ಕೆ ಕಡಿವಾಣ ಹಾಕಲು ಮೂರು ಏರ್ಪಾಡುಗಳಿವೆ. ಮೊದಲನೆಯದು ಬೆಳಕಿನ ಸೆನ್ಸಾರು. ಎದುರುಬದುರು ಕಂಬಗಳಲ್ಲಿ, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರದಲ್ಲಿರುವ ಎರಡು ಪುಟ್ಟ ಡಬ್ಬಿಗಳ ನಡುವೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹರಿಯುತ್ತಿರುತ್ತದೆ. ಅದನ್ನು ಯಾರಾದರೂ ಅಡ್ಡಗಟ್ಟಿದರೆ ಮುಚ್ಚುತ್ತಿರುವ ಗೇಟು ನಿಂತು ಹಿಂದಕ್ಕೆ ಸರಿಯಬೇಕು. ಎರಡನೆಯದು ಗೇಟಿನ ಅಂಚಿಗೆ ಹಾಕುವ ರಬ್ಬರಿನ ಪಟ್ಟಿ. ಅದು ಒತ್ತಲ್ಪಟ್ಟ ಕ್ಷಣವೇ ಮೋಟಾರಿಗೆ ನಿಲ್ಲುವ ಸೂಚನೆ ಹೋಗುತ್ತದೆ. ಮೂರನೆಯದು ಮೋಟಾರು ಎಷ್ಟು ಬಲದಿಂದ ತಳ್ಳಬಹುದು ಎಂಬುದರ ಮಿತಿ. ಇದನ್ನು ನಿಯಂತ್ರಣ ಪೆಟ್ಟಿಗೆಯೊಳಗೆ ಹೊಂದಿಸಲಾಗುತ್ತದೆ. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಕಾಣುವುದು ಮೊದಲನೆಯ ಮತ್ತು ಮೂರನೆಯ ಏರ್ಪಾಡು ಮಾತ್ರ.

ಈಗ ಕೆಡುವ ಬಗೆಗಳನ್ನು ಗಮನಿಸೋಣ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಆಘಾತಕ್ಕೆ ಸರ್ಕ್ಯೂಟ್ ಬೋರ್ಡು ಸುಟ್ಟುಹೋಗುತ್ತದೆ. ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುವ ಇರುವೆ, ಹಲ್ಲಿಗಳು ರಿಲೇಗಳ ನಡುವೆ ಸಿಕ್ಕಿ ಸಂಪರ್ಕ ಕೆಡಿಸುತ್ತವೆ. ಮೋಟಾರಿಗೆ ಆರಂಭದ ಬಲ ಕೊಡುವ ಕೆಪಾಸಿಟರು ಕಾಲಕ್ರಮೇಣ ಕ್ಷೀಣಿಸಿ, ಮೋಟಾರು ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಮರಳು, ಜಲ್ಲಿ ಹಳಿಯೊಳಗೆ ತುಂಬುತ್ತವೆ. ಮಳೆನೀರು ನಿಂತು ಗಾಲಿಗಳ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಸೆನ್ಸಾರಿನ ಗಾಜಿಗೆ ಧೂಳು, ಜೇಡರ ಬಲೆ ಕವಿಯುತ್ತದೆ, ಇಲ್ಲವೇ ಸ್ಕೂಟರೊಂದು ತಗುಲಿ ಡಬ್ಬಿ ವಾಲುತ್ತದೆ. ಇವುಗಳಲ್ಲಿ ಕೊನೆಯ ಎರಡು ಬಗೆಯ ದೋಷಗಳಿಗೆ ನಮ್ಮಲ್ಲಿ ಚಾಲ್ತಿಯಲ್ಲಿರುವ ಪರಿಹಾರಗಳೇ ಹೆಚ್ಚು ಆತಂಕಕಾರಿ.

ಸೆನ್ಸಾರಿನ ತಂತಿ ತುಂಡಾದರೂ, ಕಿರಣ ತಪ್ಪಿದರೂ ಗೇಟು ಮುಚ್ಚಬಾರದೆಂದೇ ಅದರ ವಿದ್ಯುತ್ ಮಂಡಲವನ್ನು ರೂಪಿಸಿರುತ್ತಾರೆ. ದೋಷವಿದ್ದಾಗ ಸುರಕ್ಷಿತ ಸ್ಥಿತಿಗೆ ಹೋಗುವುದು ಅದರ ಮೂಲತತ್ವ. ಹಾಗಾಗಿ ಸೆನ್ಸಾರು ಕೆಟ್ಟ ಮನೆಯಲ್ಲಿ ಗೇಟು ತೆರೆಯುತ್ತದೆ, ಮುಚ್ಚುವುದಿಲ್ಲ. ಹೊಸ ಸೆನ್ಸಾರು ತರಿಸಬೇಕೆಂದರೆ ಎರಡು ದಿನ ಬೇಕು, ಹಣವೂ ಬೇಕು. ಅದರ ಬದಲು ಬೋರ್ಡಿನಲ್ಲಿ ಸೆನ್ಸಾರಿನ ಎರಡು ತುದಿಗಳನ್ನು ಗೇಣುದ್ದದ ತಂತಿಯಿಂದ ಜೋಡಿಸಿಬಿಟ್ಟರೆ ಆಯಿತು. ದಾರಿ ಸದಾ ನಿರಾತಂಕವಾಗಿದೆ ಎಂದೇ ಗೇಟು ನಂಬುತ್ತದೆ. ಐದು ನಿಮಿಷದ ಕೆಲಸ. ಮನೆಯವರಿಗೆ ಸಂತೋಷ. ಕಂಬದ ಮೇಲಿನ ಡಬ್ಬಿಗಳು ಹಾಗೆಯೇ ಇರುವುದರಿಂದ ಗೇಟು ಕುರುಡಾಗಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಬಲ ಹೆಚ್ಚಿಸುವ ಪರಿಹಾರ. ಗಾಲಿ ತುಕ್ಕು ಹಿಡಿದು ಗೇಟು ಅರ್ಧದಲ್ಲಿ ನಿಲ್ಲುತ್ತಿದ್ದರೆ ಮಾಡಬೇಕಾದದ್ದು ಗಾಲಿಯ ದುರಸ್ತಿ. ಆದರೆ ಗೇಟನ್ನು ಎತ್ತಿ ಬೇರಿಂಗು ಬದಲಿಸುವುದು ಶ್ರಮದ ಕೆಲಸ. ಪೆಟ್ಟಿಗೆ ತೆರೆದು ಬಲದ ಮಿತಿಯನ್ನು ಏರಿಸುವುದು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ಗೇಟು ಮತ್ತೆ ಓಡುತ್ತದೆ. ಆದರೆ ತುಕ್ಕಿನ ತಡೆಯನ್ನು ಮೀರಲು ಏರಿಸಿದ ಅದೇ ಬಲ, ನಾಳೆ ಮಗುವೊಂದು ಅಡ್ಡ ಬಂದಾಗ ಅದನ್ನೂ ಮತ್ತೊಂದು ತುಕ್ಕಿನ ತಡೆಯೆಂದೇ ಎಣಿಸುತ್ತದೆ.

ಇದು ಅತಿಶಯದ ಭಯವಲ್ಲ. 2010ರಲ್ಲಿ ಬ್ರಿಟನ್ನಿನಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ಬಾಲಕಿಯರು ವಿದ್ಯುತ್ ಗೇಟುಗಳಿಗೆ ಸಿಲುಕಿ ಸತ್ತರು. ಜೂನ್ ಕೊನೆಯಲ್ಲಿ ಮ್ಯಾಂಚೆಸ್ಟರಿನಲ್ಲಿ ಆರು ವರ್ಷದವಳು, ಜುಲೈ ಆರಂಭದಲ್ಲಿ ವೇಲ್ಸ್‌ನ ಬ್ರಿಡ್ಜೆಂಡ್‌ನಲ್ಲಿ ಐದು ವರ್ಷದವಳು. ಎರಡನೆಯ ಪ್ರಕರಣದಲ್ಲಿ ಆ ಮಗು ಮುಚ್ಚುತ್ತಿದ್ದ ಗೇಟು ಮತ್ತು ಕಂಬದ ನಡುವೆ ಸಿಲುಕಿತ್ತು. ತನಿಖೆಯಲ್ಲಿ ಕಂಡುಬಂದ ಸಂಗತಿಗಳು ದುರಸ್ತಿಯ ಕಸುಬಿಗೆ ನೇರವಾಗಿ ಸಂಬಂಧಿಸಿದವು. ಮೋಟಾರು ಅಳವಡಿಸಿದ ಬಳಿಕ ಗೇಟಿನ ಮುಚ್ಚುವ ಬಲವನ್ನು ಸರಿಯಾಗಿ ಅಳೆದಿರಲಿಲ್ಲ, ಮಿತಿಗೊಳಿಸಿಯೂ ಇರಲಿಲ್ಲ. ಯುರೋಪಿನ ಮಾನದಂಡದ ಪ್ರಕಾರ 400 ನ್ಯೂಟನ್ ದಾಟಬಾರದಾಗಿದ್ದ ಆ ಬಲ 2000 ನ್ಯೂಟನ್‌ನಷ್ಟಿತ್ತು. ಸರಳವಾಗಿ ಹೇಳುವುದಾದರೆ, ನಲವತ್ತು ಕಿಲೋ ಭಾರದ ಒತ್ತಡ ಇರಬೇಕಾದಲ್ಲಿ ಇನ್ನೂರು ಕಿಲೋ ಭಾರದ ಒತ್ತಡ. ತಡೆ ಎದುರಾದಾಗ ಗೇಟು ನಿಲ್ಲುತ್ತಲೂ ಇರಲಿಲ್ಲ. ಇನ್ನೂ ಖೇದದ ಸಂಗತಿಯೆಂದರೆ, ದುರಂತಕ್ಕೆ ಒಂದು ತಿಂಗಳು ಕೂಡ ಇಲ್ಲದಿದ್ದಾಗ ನಿರ್ವಹಣೆಯ ಹೊಣೆ ಹೊತ್ತವರು ಬಂದು ಗೇಟನ್ನು ನೋಡಿಹೋಗಿದ್ದರು. ಸುರಕ್ಷತೆಯ ಪರೀಕ್ಷೆಗಳನ್ನು ಮಾತ್ರ ಮಾಡಿರಲಿಲ್ಲ. ಅಳವಡಿಸಿದ ಸಂಸ್ಥೆ, ನಿರ್ವಹಿಸುತ್ತಿದ್ದ ಸಂಸ್ಥೆ ಎರಡಕ್ಕೂ 2014ರಲ್ಲಿ ನ್ಯಾಯಾಲಯ ದಂಡ ವಿಧಿಸಿತು. ಅಂದರೆ ಗೇಟು ಓಡುತ್ತಿತ್ತು. ಎಲ್ಲರ ಕಣ್ಣಿಗೂ ಅದು ಸರಿಯಾಗಿಯೇ ಇತ್ತು.

ಬಲವನ್ನು ಮಿತಗೊಳಿಸುವುದೊಂದೇ ಸಾಲದು, ಇತರ ರಕ್ಷಣೆಗಳೂ ಜೊತೆಗಿರಬೇಕು ಎಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ 2010ರಲ್ಲೇ ಎಚ್ಚರಿಸಿತು. ಅಮೆರಿಕದಲ್ಲಿ ಮನೆಯ ಗ್ಯಾರೇಜಿನ ಸ್ವಯಂಚಾಲಿತ ಬಾಗಿಲುಗಳು ಮಕ್ಕಳನ್ನು ಬಲಿ ತೆಗೆದುಕೊಂಡ ಬಳಿಕ, 1993ರ ಜನವರಿ 1ರಿಂದ ತಯಾರಾಗುವ ಪ್ರತಿಯೊಂದು ಬಾಗಿಲು ಯಂತ್ರದಲ್ಲೂ ಸಿಲುಕದಂತೆ ತಡೆಯುವ ರಕ್ಷಣೆ ಇರಲೇಬೇಕೆಂದು ಕಾನೂನು ಬಂತು. ಗೇಟುಗಳಿಗೂ ಅನ್ವಯಿಸುವ ಅಲ್ಲಿನ ಯುಎಲ್ 325 ಮಾನದಂಡವನ್ನು 2016ರಲ್ಲಿ ಇನ್ನಷ್ಟು ಬಿಗಿಗೊಳಿಸಲಾಯಿತು. ಸೆನ್ಸಾರು ಜೋಡಣೆಯಲ್ಲಿದೆಯೇ, ಕೆಲಸ ಮಾಡುತ್ತಿದೆಯೇ ಎಂಬುದನ್ನು ಯಂತ್ರವೇ ಪರೀಕ್ಷಿಸಿಕೊಳ್ಳಬೇಕು. ತಂತಿ ತುಂಡಾಗಿದ್ದರೆ ಅಥವಾ ಯಾರಾದರೂ ಅದನ್ನು ಜೋಡಿಸಿ ವಂಚಿಸಿದ್ದರೆ ಗೇಟು ತಾನಾಗಿಯೇ ಚಲಿಸಬಾರದು. ಗೇಣುದ್ದದ ತಂತಿಯ ಪ್ರಲೋಭನೆ ನಮ್ಮೂರಿನ ಮೆಕ್ಯಾನಿಕ್ಕಿಗೆ ಮಾತ್ರ ಇರುವುದಲ್ಲ ಎಂಬುದು ಇದರಿಂದ ಸ್ಪಷ್ಟ. ಅಲ್ಲಿ ಆ ಪ್ರಲೋಭನೆಗೆ ಯಂತ್ರದ ರಚನೆಯಲ್ಲೇ ತಡೆ ಒಡ್ಡಿದರು.

ನಮ್ಮ ರಾಜ್ಯದಲ್ಲಿ ಲಿಫ್ಟುಗಳಿಗಾಗಿ 1974ರಿಂದಲೇ ಕಾಯ್ದೆಯಿದೆ. ಲಿಫ್ಟು ನಡೆಸಲು ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಬೇಕು. ಆದರೆ ನಾನೂರು ಕಿಲೋ ಕಬ್ಬಿಣವನ್ನು ದಿನಕ್ಕೆ ಹತ್ತಾರು ಬಾರಿ ಅತ್ತಿತ್ತ ಓಡಿಸುವ ಮನೆಗೇಟು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಪ್ರತಿ ಮನೆಗೂ ಇನ್‌ಸ್ಪೆಕ್ಟರು ಬರಲಿ ಎಂಬುದು ಇಲ್ಲಿನ ವಾದವಲ್ಲ. ಅದು ಸಾಧ್ಯವೂ ಅಲ್ಲ. ಹೊರಗಿನ ಕಣ್ಣು ಇಲ್ಲದಿರುವಾಗ ಹೊಣೆ ಮನೆಯ ಯಜಮಾನನದು ಮತ್ತು ದುರಸ್ತಿ ಮಾಡುವವನದು ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಈ ಹೊಣೆ ಹರಿದು ಹಂಚಿಹೋಗಿರುವುದು ನಮ್ಮ ಇನ್ನೊಂದು ಸಮಸ್ಯೆ. ಗೇಟನ್ನು ಮಾಡುವವನು ವೆಲ್ಡರು. ಅವನಿಗೆ ಮೋಟಾರಿನ ಸಂಗತಿ ಬೇಡ. ಮೋಟಾರು ಕೂರಿಸುವವನು ಬೇರೆ. ಗೇಟಿನ ತೂಕ, ಹಳಿಯ ಸಮತಟ್ಟು ಅವನ ಕೆಲಸವಲ್ಲ. ಖಾತರಿಯ ಅವಧಿ ಮುಗಿದ ಮೇಲೆ ಬರುವವನು ಬಡಾವಣೆಯ ಎಲೆಕ್ಟ್ರಿಷಿಯನ್. ಕಾಸಿಗೆ ತಕ್ಕ ಕಜ್ಜಾಯ ಎಂಬಂತೆ ಅವನಿಗೆ ಸಿಗುವುದು ಬಂದುಹೋದ ಕೂಲಿ ಮಾತ್ರ. ಅವನನ್ನು ದೂಷಿಸುವುದು ಸುಲಭ. ಆದರೆ ಒಂದು ಗಂಟೆ ಹಳಿ ಶುಚಿಗೊಳಿಸಿ, ಗಾಲಿಗೆ ಗ್ರೀಸು ಹಾಕಿ, ಸೆನ್ಸಾರು ಪರೀಕ್ಷಿಸಿದ್ದಕ್ಕೆ ನಾವು ಹಣ ಕೊಡುತ್ತೇವೆಯೇ? ನೀರಿನ ಫಿಲ್ಟರಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವ ಮನೆಗಳು ಗೇಟಿಗೆ ಅದನ್ನು ಅನಗತ್ಯ ಖರ್ಚೆಂದು ಎಣಿಸುತ್ತವೆ. ಆತುರದ ಐದು ನಿಮಿಷದ ದುರಸ್ತಿಗೆ ಬೇಡಿಕೆ ಇರುವವರೆಗೆ ಅದನ್ನು ಪೂರೈಸುವವರೂ ಇರುತ್ತಾರೆ.

ಅಪಾಯಕ್ಕೆ ಒಡ್ಡಿಕೊಳ್ಳುವವರು ಯಾರು ಎಂಬುದನ್ನೂ ಯೋಚಿಸಬೇಕು. ರಿಮೋಟು ಇರುವುದು ಕಾರಿನೊಳಗೆ ಕುಳಿತವರ ಕೈಯಲ್ಲಿ. ಗೇಟಿನ ಬಳಿ ಇರುವವರು ಬೇರೆಯವರು: ಚೆಂಡಿನ ಹಿಂದೆ ಓಡಿ ಬರುವ ಮಗು, ರಂಗೋಲಿ ಹಾಕುತ್ತ ಕುಳಿತ ಮನೆಗೆಲಸದಾಕೆ, ಕಾವಲುಗಾರ ಮತ್ತು ಅವನ ಪುಟ್ಟ ಮಕ್ಕಳು, ಹಾಲು–ಪತ್ರಿಕೆ ಹಾಕುವ ಹುಡುಗ. ಸರಿಯುವ ಗೇಟಿನ ಹಿಂಬದಿ ಗೋಡೆ ಮತ್ತು ಸರಳುಗಳ ನಡುವಿನ ಸಂದಿಯಲ್ಲಿ ಕೈ ಹಾಕಿ ಆಡುವವರೂ ಮಕ್ಕಳೇ. ಬೆಳಕಿನ ಕಿರಣ ಆ ಜಾಗವನ್ನು ಕಾಯುವುದಿಲ್ಲ. ಮೋಟಾರಿಲ್ಲದ ಗೇಟೂ ನಿರಪಾಯಕಾರಿಯಲ್ಲ. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಪಾಲಿಕೆಯ ಆಟದ ಮೈದಾನದಲ್ಲಿ ಕಬ್ಬಿಣದ ಗೇಟು ಕಳಚಿ ಬಿದ್ದು ಬಾಲಕನೊಬ್ಬ ಪ್ರಾಣ ಕಳೆದುಕೊಂಡದ್ದನ್ನು ನಗರ ಮರೆತಿರಲಾರದು. ಹಳಿಯ ತುದಿಯಲ್ಲಿ ಗೇಟನ್ನು ತಡೆಯುವ ಗಟ್ಟಿಯಾದ ಕಬ್ಬಿಣದ ತಡೆ ಇಲ್ಲದಿದ್ದರೆ, ಮಿತಿ ಸ್ವಿಚ್ಚು ಕೈಕೊಟ್ಟ ದಿನ ಮೋಟಾರೇ ಗೇಟನ್ನು ಹಳಿಯಿಂದ ಆಚೆ ತಳ್ಳಿ ಉರುಳಿಸಬಲ್ಲದು.

ಹಾಗಾದರೆ ಸರಿಯಾದ ದುರಸ್ತಿ ಎಂದರೇನು? ಮೊದಲು ವಿದ್ಯುತ್ ಸಂಪರ್ಕ ಕಡಿದು, ಮೋಟಾರಿನ ಬೀಗದ ಕೈಯಿಂದ ಗೇರನ್ನು ಬಿಡಿಸಿ, ಗೇಟನ್ನು ಕೈಯಿಂದ ತಳ್ಳಿ ನೋಡಬೇಕು. ಅದು ಒಂದೇ ಕೈಯ ಬಲಕ್ಕೆ ಹಳಿಯ ಉದ್ದಕ್ಕೂ ಸಲೀಸಾಗಿ ಸರಿಯಬೇಕು. ಬಿಟ್ಟೊಡನೆ ತಾನಾಗಿ ಉರುಳಿದರೆ ಹಳಿ ಇಳಿಜಾರಾಗಿದೆ. ಎಲ್ಲಾದರೂ ತಡೆದರೆ ಗಾಲಿಯೋ ಹಳಿಯೋ ಕೆಟ್ಟಿದೆ. ಅದನ್ನು ಸರಿಪಡಿಸಿದ ನಂತರವೇ ಮೋಟಾರಿಗೆ ಕೈ ಹಾಕಬೇಕು. ಕೆಲಸ ಮುಗಿದ ಮೇಲೆ ಗೇಟು ಮುಚ್ಚುತ್ತಿರುವಾಗ ಉದ್ದನೆಯ ಪೊರಕೆಯಿಂದ ಕಿರಣವನ್ನು ಅಡ್ಡಗಟ್ಟಬೇಕು. ಗೇಟು ನಿಂತು ಹಿಂದೆ ಸರಿಯಬೇಕು. ಈ ಪರೀಕ್ಷೆಯನ್ನು ಮನೆಯವರ ಕಣ್ಣೆದುರೇ ಮಾಡಿ ತೋರಿಸಿದ ಮೇಲೆ ಕೂಲಿ ಕೊಡುವ ಪದ್ಧತಿ ಬರಬೇಕು. ತಿಂಗಳಿಗೊಮ್ಮೆ ಮನೆಯವರೇ ಇದನ್ನು ಮಾಡಬಹುದು; ಕೈಯನ್ನೋ ಕಾಲನ್ನೋ ಅಡ್ಡ ಹಿಡಿಯುವ ಸಾಹಸ ಮಾತ್ರ ಸಲ್ಲದು. ಸೆನ್ಸಾರು ಸಿಗಲು ಎರಡು ದಿನ ಬೇಕೆಂದರೆ ಆ ಎರಡು ದಿನ ಗೇರು ಬಿಡಿಸಿ ಕೈಯಿಂದ ತಳ್ಳೋಣ. ಗೇರು ಬಿಡಿಸುವ ಕೀಲಿ ಎಲ್ಲಿದೆ, ಹೇಗೆ ತಿರುಗಿಸಬೇಕು ಎಂಬುದು ಮನೆಯ ಪ್ರತಿಯೊಬ್ಬರಿಗೂ ಕಾವಲುಗಾರನಿಗೂ ತಿಳಿದಿರಬೇಕು. ಯಾರಾದರೂ ಸಿಲುಕಿದಾಗ ರಿಮೋಟಿಗಾಗಿ ಹುಡುಕಾಡುವ ಸಮಯವಿರುವುದಿಲ್ಲ.

ಅಪಾರ್ಟ್‌ಮೆಂಟುಗಳ ನಿವಾಸಿ ಸಂಘಗಳು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ಈ ವಿಷಯದಲ್ಲಿ ಮುಂದಾಳತ್ವ ವಹಿಸಬಹುದು. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಪಡೆಯುವ ಯುವಕರಿಗೆ ಸುರಕ್ಷತಾ ಮಂಡಲದ ಪಾಠದ ಜೊತೆ ಗೇಟು ದುರಸ್ತಿಯ ಕಸುಬನ್ನೂ ಕಲಿಸಿದರೆ ಅವರಿಗೆ ಉದ್ಯೋಗ, ನಮಗೆ ನೆಮ್ಮದಿ. ಮೋಟಾರು ಮಾರುವವರು ಬೆಲೆಪಟ್ಟಿಯಲ್ಲಿ ಸೆನ್ಸಾರನ್ನು ಬೇಕಿದ್ದರೆ ಕೊಳ್ಳುವ ಹೆಚ್ಚುವರಿ ವಸ್ತುವಾಗಿ ತೋರಿಸುವುದನ್ನು ಬಿಟ್ಟು, ಯಂತ್ರದ ಅವಿಭಾಜ್ಯ ಅಂಗವಾಗಿಯೇ ಕೊಡಬೇಕು.

ಕಳ್ಳಕಾಕರಿಂದ ಮನೆಯವರನ್ನು ಕಾಯಲೆಂದು ನಾವು ಗೇಟು ಹಾಕಿಸುತ್ತೇವೆ. ಅದರ ದುರಸ್ತಿಗೆ ಮುಂದಿನ ಬಾರಿ ಯಾರನ್ನಾದರೂ ಕರೆಸಿದಾಗ, ಓಡುತ್ತದೆಯೇ ಎಂದು ಕೇಳುವ ಮೊದಲು ನಿಲ್ಲುತ್ತದೆಯೇ ಎಂದು ಕೇಳೋಣ. ಪೆಟ್ಟಿಗೆಯ ಮುಚ್ಚಳ ತೆಗೆಸಿ, ಒಳಗೆ ಗೇಣುದ್ದದ ತಂತಿಯೊಂದು ಇದೆಯೇ ಎಂದು ನೋಡೋಣ. ಇದ್ದರೆ, ಅದನ್ನು ಅಂದೇ ತೆಗೆಸೋಣ.