ಸೈನ್ಯದಲ್ಲಿ ಸವೆದ ಬೆನ್ನು: ಡಿಸೆಬಿಲಿಟಿ ಪಿಂಚಣಿಯ ಮೇಲ್ಮನವಿ

ಕೊಡಗಿನ ಬೆಳೆಗಾರರಲ್ಲಿ ಸೈನ್ಯದಿಂದ ಬಂದವರಿಗೆ ಕೊರತೆಯಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ನಾಡು ಎಂಬ ಹೆಮ್ಮೆ ನಮಗೆಲ್ಲ ಇದೆ. ಆದರೆ ಹದಿನೈದಿಪ್ಪತ್ತು ವರ್ಷ ದುಡಿದು, ಬೆನ್ನುಮೂಳೆಯ ಡಿಸ್ಕ್ ಜಾರಿಯೋ ಮಣಿ ಸವೆದೋ, ಎರಡು ಮೂರು ಎಕರೆ ತೋಟಕ್ಕೆ ಮರಳಿದ ಸಿಪಾಯಿ, ಹವಾಲ್ದಾರರ ಪಾಡು ಬೇರೆ. ಮರಗಸಿಗೆ ಏಣಿ ಹತ್ತುವಂತಿಲ್ಲ, ಕಾಫಿ ಚೀಲ ಎತ್ತುವಂತಿಲ್ಲ, ಬೋರ್ಡೋ ದ್ರಾವಣದ ಡಬ್ಬ ಬೆನ್ನಿಗೇರಿಸುವಂತಿಲ್ಲ. ತಾವೇ ಮಾಡಬಹುದಾಗಿದ್ದ ಕೆಲಸಕ್ಕೆಲ್ಲ ಆಳು ಹಿಡಿಯಬೇಕು.

ಇಂಥವರಲ್ಲಿ ಹಲವರ ಟ್ರಂಕಿನ ತಳದಲ್ಲಿ ಒಂದು ಕಾಗದ ಇರುತ್ತದೆ. ‘ಈ ಕಾಯಿಲೆ ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂಬುದು ಅದರ ಸಾರಾಂಶ. ಅದನ್ನೇ ಕೊನೆಯ ಮಾತೆಂದು ತಿಳಿದು ಸುಮ್ಮನಾದವರು ಬಹಳ. ಅದು ಕೊನೆಯ ಮಾತಲ್ಲ ಎಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಹಕ್ಕು ಏನು?

ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ವೈಕಲ್ಯ ಶೇಕಡಾ 20 ಅಥವಾ ಹೆಚ್ಚಿದ್ದರೆ ಡಿಸೆಬಿಲಿಟಿ ಪಿಂಚಣಿ ಸಲ್ಲಬೇಕೆಂಬುದು 1961ರ ಸೈನ್ಯ ಪಿಂಚಣಿ ನಿಯಮಾವಳಿಯ ತತ್ತ್ವ. ಶೇಕಡಾವನ್ನೂ ಕಾರಣವನ್ನೂ ಬಿಡುಗಡೆಯ ಕಾಲದ ಮೆಡಿಕಲ್ ಬೋರ್ಡು ಬರೆಯುತ್ತದೆ. ಬೆನ್ನಿನ ವಿಷಯದಲ್ಲಿ ತಕರಾರು ಹುಟ್ಟುವುದು ಕಾರಣದ ಕಲಮಿನಲ್ಲಿ. ಪೆಟ್ಟಾಗಿದ್ದರೆ ಗಾಯದ ವರದಿ ಇರುತ್ತದೆ. ಆದರೆ ಭಾರ ಹೊತ್ತು, ಕೆಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ, ನಿಧಾನವಾಗಿ ಸವೆದ ಬೆನ್ನಿಗೆ ಇಂಥ ದಿನವೆಂಬ ಸಾಕ್ಷಿ ಇರುವುದಿಲ್ಲ. ‘ವಯೋಸಹಜ ಸವೆತ’, ‘ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡದ್ದು’ ಎಂದು ಷರಾ ಬೀಳುತ್ತದೆ.

ಪುರಾವೆಯ ಹೊರೆ ಯಾರದು?

ಇಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣ ತಿಳಿದಿರಬೇಕು. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಈ ಸಿಪಾಯಿಯನ್ನು 1994ರಲ್ಲಿ ಮೂರ್ಛೆರೋಗದ ಕಾರಣದಿಂದ ಶೇಕಡಾ 20 ವೈಕಲ್ಯವೆಂದು ಮನೆಗೆ ಕಳಿಸಲಾಯಿತು, ಪಿಂಚಣಿ ನಿರಾಕರಿಸಲಾಯಿತು. 2013ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. 1982ರ ಅರ್ಹತಾ ನಿಯಮಗಳ ಪ್ರಕಾರ, ಭರ್ತಿಯಾಗುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಪುರಾವೆಯ ಹೊರೆ ಅವನ ಮೇಲಿಲ್ಲ. ಸಂಶಯದ ಲಾಭ ಅವನಿಗೇ ಸಲ್ಲಬೇಕು. ಅಲ್ಲವೆನ್ನುವ ಬೋರ್ಡು ಕಾರಣ ಬರೆಯಬೇಕು. ಕಾಯಿಲೆಗೆ ಕಾರಣವಾದದ್ದು ನಡೆದ ಸ್ಥಳ ಯುದ್ಧ ಪ್ರದೇಶವೋ ಶಾಂತಿ ಪ್ರದೇಶವೋ ಎಂಬುದು ಮುಖ್ಯವಲ್ಲ.

ಹಾಗೆಂದು ಎಲ್ಲರೂ ಗೆದ್ದಂತೆ ಎಣಿಸಬಾರದು. 1–1–2008ರಿಂದ ಬೇರೆ ನಿಯಮಗಳು ಬಂದವು. ಕಾಯಿಲೆ ಸೇವೆಯಲ್ಲಿದ್ದಾಗ ಕಾಣಿಸಿತೆಂಬುದಷ್ಟೇ ಸಾಲದೆಂದು ಅವು ಹೇಳುತ್ತವೆ. 2023ರ ಸೆಪ್ಟೆಂಬರ್ 21ರ ನಂತರ ಬಿಡುಗಡೆಯಾದವರಿಗೆ ಮತ್ತೊಂದು ನಿಯಮಾವಳಿ ಇದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಡಿಸ್ಚಾರ್ಜ್ ಪುಸ್ತಕದ ತಾರೀಖು.

ಹಣದ ಲೆಕ್ಕ

ಶೇಕಡಾ 100 ವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30 ಎಂಬುದು ಲೆಕ್ಕ. ಕೊನೆಯ ವೇತನ 30,000 ರೂಪಾಯಿ ಇದ್ದವರಿಗೆ ಶೇಕಡಾ 20 ವೈಕಲ್ಯಕ್ಕೆ ತಿಂಗಳಿಗೆ 1,800 ರೂಪಾಯಿ ಬಂದೀತು. ಆದರೆ 1996ರಿಂದ ಅನ್ವಯವಾಗುವಂತೆ ಶೇಕಡಾ 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ ಏರಿಸುವ ಸೌಲಭ್ಯವಿದೆ. ಆಗ ಅದೇ ವ್ಯಕ್ತಿಗೆ 4,500 ರೂಪಾಯಿ. ಮೊದಲು ಇದು ಕಾಯಿಲೆಯಿಂದ ಅವಧಿಗೆ ಮುನ್ನ ಹೊರಬಿದ್ದವರಿಗೆ ಮಾತ್ರವೆಂದು ವಾದವಿತ್ತು. ಅವಧಿ ಮುಗಿಸಿ ಬಂದವರಿಗೂ ಸಲ್ಲುತ್ತದೆಂದು ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಶೇಕಡಾ 20 ಎಂದೇ ಪಿಂಚಣಿ ಪಡೆಯುತ್ತಿರುವವರು ಇದನ್ನು ಗಮನಿಸಬೇಕು.

ಮೇಲ್ಮನವಿಯ ಮೆಟ್ಟಿಲುಗಳು

ತಿರಸ್ಕಾರದ ಕಾಗದ ಬಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ. ಅದೂ ತಿರಸ್ಕೃತವಾದರೆ ಮತ್ತೆ 6 ತಿಂಗಳೊಳಗೆ ಎರಡನೆಯದು. ಅನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಂತೆ ಸ್ಥಾಪಿತವಾಗಿ 2009ರಿಂದ ಕೆಲಸಮಾಡುತ್ತಿರುವ ಇದರ ಕೊಚ್ಚಿ ಪೀಠಕ್ಕೆ ಕರ್ನಾಟಕ ಸೇರಿದೆ. ಕಡೆಯ ಆದೇಶದ 6 ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಮೇಲ್ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ ಕಾಯುತ್ತ ಕೂರಬೇಕಾಗಿಲ್ಲ. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಮಂಡಳಿಗಿದೆ.

ತಡಮಾಡಿದವರಿಗೆ ನಷ್ಟವಂತೂ ಖಂಡಿತ. ತಾರ್ಸೆಮ್ ಸಿಂಗ್ ಎಂಬವರು 1983ರಲ್ಲಿ ಸೈನ್ಯ ಬಿಟ್ಟು 1999ರಲ್ಲಿ ಕೋರ್ಟಿಗೆ ಹೋದರು. ಪಿಂಚಣಿ ತಿಂಗಳು ತಿಂಗಳೂ ಹುಟ್ಟುವ ಹಕ್ಕಾದ್ದರಿಂದ ಅರ್ಜಿ ಬಿದ್ದುಹೋಗಲಿಲ್ಲ. ಆದರೆ ಬಾಕಿಯನ್ನು ಅರ್ಜಿಗೆ ಹಿಂದಿನ 3 ವರ್ಷಕ್ಕೆ ಮಾತ್ರ ಮಿತಿಗೊಳಿಸಿ 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹದಿಮೂರು ವರ್ಷದ ಹಣ ಹೋಯಿತು. 2008ರ ನಿಯಮದಲ್ಲಂತೂ, ಬಿಡುಗಡೆಯಾಗಿ 15 ವರ್ಷ ಕಳೆದು ಹಳೆಯ ದಾಖಲೆ ನಾಶವಾದ ಮೇಲೆ ಅರ್ಜಿ ಹಾಕಿದರೆ ಪುರಾವೆಯ ಹೊರೆ ಅರ್ಜಿದಾರನ ಮೇಲೇ ಬೀಳುತ್ತದೆ.

ಸದಸ್ಯರು ಮಾಡಬೇಕಾದದ್ದು

1. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ತಿರಸ್ಕಾರದ ಕಾಗದ ಒಂದೆಡೆ ಕಟ್ಟಿಡಿ.

2. ಮೆಡಿಕಲ್ ಬೋರ್ಡಿನ ವರದಿ ಕೈಯಲ್ಲಿಲ್ಲದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ನಿಮ್ಮ ರೆಕಾರ್ಡ್ ಆಫೀಸಿನಿಂದ ನಕಲು ಕೇಳಿ.

3. ಬೆನ್ನುನೋವಿಗೆ ಮೊದಲ ಸಲ ಸೈನ್ಯದ ಆಸ್ಪತ್ರೆ ಸೇರಿದ ವರ್ಷ, ಆಗಿನ ಘಟಕ, ಕೆಲಸ, ಹೊತ್ತ ಭಾರ – ಇವನ್ನು ಕ್ರಮವಾಗಿ ಬರೆಯಿರಿ. ‘ಬಹಳ ನೋವಿದೆ’ ಎಂಬ ಮಾತಿಗಿಂತ ಇದಕ್ಕೆ ತೂಕ ಹೆಚ್ಚು.

4. ಊರಿಗೆ ಬಂದ ಮೇಲಿನ ಚಿಕಿತ್ಸೆಯ ಚೀಟಿಗಳನ್ನು ಬೇರೆ ಇಡಿ. ತೋಟದ ಕೆಲಸದಿಂದಲೇ ಬೆನ್ನು ಕೆಟ್ಟಿತೆಂಬ ವಾದಕ್ಕೆ ಉತ್ತರ, ಬಿಡುಗಡೆಯ ದಿನ ಬೋರ್ಡು ಬರೆದ ಮಾತೇ.

5. ಗೆದ್ದ ಹಣದಲ್ಲಿ ಪಾಲು ಕೇಳುವ ಮಧ್ಯವರ್ತಿಗಳಿಗೆ ಸಹಿ ಹಾಕಿಕೊಡಬೇಡಿ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಸೈನ್ಯದಲ್ಲಿದ್ದವರು ಕೈಯೊಡ್ಡಿ ಕೇಳುವುದಕ್ಕೆ ಸಂಕೋಚಪಡುತ್ತಾರೆ. ಇದು ಬೇಡುವ ಮಾತಲ್ಲ, ದುಡಿದದ್ದರ ಲೆಕ್ಕ. ಕಾಗದ ಓದಿಕೊಳ್ಳಲು ತೊಡಕಾದ ಸದಸ್ಯರು ಸಂಘದ ಕಚೇರಿಗೆ ತರಬಹುದು. ಅರ್ಜಿ ಬರೆಯಲು ನಮ್ಮಿಂದಾದ ಸಹಾಯ ಮಾಡಲಾಗುವುದು. ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರಸೊತ್ತಿರುವುದಿಲ್ಲ. ಅದಕ್ಕೆ ಮುಂಚೆಯೇ ಟ್ರಂಕು ತೆಗೆದು ನೋಡಿ.