ಬಾಗಿಲಿನ ಅಳತೆಯನ್ನು ಏಕೆ ಕೇಳುತ್ತಾರೆ?

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಿರುವ ನನ್ನ ತಮ್ಮನನ್ನು ಮನೆಗೆ ಕಳುಹಿಸುವ ಮುನ್ನ ಆಸ್ಪತ್ರೆಯವರು ಬಾಗಿಲುಗಳ ಅಳತೆ ಕೇಳಿದ್ದಾರೆ. ಇದೇಕೆ?

ಉತ್ತರ: ಆಸ್ಪತ್ರೆಯ ಸಮತಲವಾದ ನೆಲದ ಮೇಲೆ ಗಾಲಿಕುರ್ಚಿಯನ್ನು ತಾನೇ ನಡೆಸಲು ಕಲಿತವನು, ಹೊಸ್ತಿಲನ್ನು ದಾಟಲಾರದೆ, ಬಚ್ಚಲುಮನೆಯ ಕಿರಿದಾದ ಬಾಗಿಲ ಮುಂದೆ ಪರರ ಸಹಾಯಕ್ಕಾಗಿ ಕಾಯುವಂತಾದರೆ, ಅಷ್ಟು ಪರಿಶ್ರಮದಿಂದ ಗಳಿಸಿದ ಸ್ವಾತಂತ್ರ್ಯವು ಸ್ವಗೃಹದಲ್ಲಿಯೇ ನಷ್ಟವಾಗುವುದೆಂಬ ಕಾರಣದಿಂದ ಕೇಳುತ್ತಾರೆ. ಬಾಗಿಲಿಗೆ ಸುಮಾರು 32 ಅಂಗುಲಗಳ ತೆರವು ಬೇಕು. ಒಂದು ಅಡಿ ಎತ್ತರಕ್ಕೆ ಇಳಿಜಾರು 12 ಅಡಿ ಉದ್ದವಿರತಕ್ಕದ್ದು. ಹೊಸ್ತಿಲನ್ನು ತೆಗೆಸಲು ಹಿರಿಯರು ಹಿಂಜರಿದರೆ, ಅದರ ಎರಡೂ ಬದಿಗೆ ಹಲಗೆಯ ಇಳಿಜಾರನ್ನು ಕೂಡಿಸಬಹುದು.

ಇದಕ್ಕಿಂತಲೂ ಮಿಗಿಲಾದುದು ಚರ್ಮದ ರಕ್ಷಣೆ. ಸ್ಪರ್ಶಜ್ಞಾನವಿಲ್ಲದ ಅಂಗವು ಒತ್ತಡದ ನೋವನ್ನು ಅರಿಯದಾದುದರಿಂದ, ರಕ್ತಸಂಚಾರ ತಡೆದ ಎಡೆಯಲ್ಲಿ ಹುಣ್ಣು ಹುಟ್ಟಿ ಮೂಳೆಯವರೆಗೂ ಇಳಿಯಬಲ್ಲುದು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂತಹ ಗಾಯಾಳುಗಳ ವಿಭಾಗವನ್ನು ತೆರೆದ ವೈದ್ಯ ಲುಡ್ವಿಗ್ ಗಟ್‌ಮನ್ನರು, ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ನಿಯಮವನ್ನು ಕಟ್ಟುನಿಟ್ಟಾಗಿ ನಡೆಸಿದರು. ಈ ಶುಶ್ರೂಷೆಯನ್ನೂ ಮೂತ್ರನಳಿಕೆಯ ಶುಚಿತ್ವವನ್ನೂ ಮನೆಯವರಲ್ಲಿ ಇಬ್ಬರಾದರೂ ಈಗಲೇ ದಾದಿಯರ ಕಣ್ಣೆದುರು ಕೈಯಾರೆ ಮಾಡಿ ಕಲಿಯಬೇಕು. ತಾಯಿಯೊಬ್ಬರ ಮೇಲೆಯೇ ಈ ಭಾರವನ್ನು ಹೊರಿಸುವುದು ಅನ್ಯಾಯ. ಮಂಚವನ್ನು ಎಲ್ಲಿ ಇರಿಸಬೇಕೆಂಬುದನ್ನು ಮಾತ್ರ ನಿಮ್ಮ ತಮ್ಮನನ್ನೇ ಕೇಳಿರಿ.