ಜುಲೈನಲ್ಲಿ ಬಂದವರು ಜೂನ್‌ಗೆ ಎಲ್ಲಿ?

ಜುಲೈ ತಿಂಗಳು ಬಂತೆಂದರೆ ನಮ್ಮ ಪಾರ್ವತಿನಗರದಲ್ಲಿ ಮಳೆ ಬರುತ್ತೋ ಇಲ್ಲವೋ, ಸೇವಾ ಕ್ಲಬ್ಬುಗಳ ಪದಗ್ರಹಣದ ಬ್ಯಾನರು ಮಾತ್ರ ಬಂದೇ ಬರುತ್ತೆ. ಕೈಮುಗಿದು ನಿಂತ ಹೊಸ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ, ಆ ಪಕ್ಕ ಖಜಾಂಚಿ, ಕೆಳಗೆ ಅಂಚೆಚೀಟಿ ಗಾತ್ರದ ಹಿತೈಷಿಗಳು. ಸಂಜೆ ಸಭಾಂಗಣದಲ್ಲಿ ಹಳೆಯ ಅಧ್ಯಕ್ಷರ ಕೊರಳಿನ ಪದಕದ ಸರ ಹೊಸಬರ ಕೊರಳಿಗೆ ಹೋಗುತ್ತೆ. ಗಂಟೆ ಬಾರಿಸುತ್ತಾರೆ. ಆಮೇಲೆ ಹೊಸ ಸದಸ್ಯರನ್ನು ವೇದಿಕೆಗೆ ಕರೆದು ಅಂಗಿಗೆ ಬಿಲ್ಲೆ ಚುಚ್ಚಿ, "ಈ ವರ್ಷ ಇಷ್ಟು ಜನ ಸೇರಿದ್ದಾರೆ" ಎಂದು ಘೋಷಣೆ. ಚಪ್ಪಾಳೆ. ಊಟ.

ಕಳೆದ ವರ್ಷ ಇದೇ ವೇದಿಕೆಯಲ್ಲಿ ಬಿಲ್ಲೆ ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಅಂತ ಮಾತ್ರ ಯಾರೂ ಕೇಳೋದಿಲ್ಲ. ಕೇಳಿದರೆ ಊಟ ರುಚಿಸೋದಿಲ್ಲ. ಆದ್ದರಿಂದ ಊಟ ಮುಗಿದ ಮೇಲೆ ಕೇಳೋಣ ಅಂತ ಈ ಬರಹ.

ಮೊದಲು ಲೆಕ್ಕದ ಮಾತು. ರೋಟರಿಯಾಗಲಿ ಲಯನ್ಸ್ ಆಗಲಿ, ಇವರ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯಿತು. ರೋಟರಿಯಲ್ಲಿ ಜುಲೈ 1ರಂದು ಮತ್ತು ಜನವರಿ 1ರಂದು ಪಟ್ಟಿಯಲ್ಲಿ ಎಷ್ಟು ಹೆಸರಿವೆಯೋ ಅಷ್ಟು ತಲೆಗೆ ಡಾಲರ್ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಚಂದಾ ಕಟ್ಟಬೇಕು. ಹೀಗಾಗಿ ಜೂನ್ ಕೊನೆಯ ವಾರದಲ್ಲಿ ಕಾರ್ಯದರ್ಶಿ ಪಟ್ಟಿ ಹಿಡಿದು ಕೂರುತ್ತಾರೆ. ವರ್ಷವಿಡೀ ಮುಖ ತೋರಿಸದವರ, ಚಂದಾ ಕೊಡದವರ ಹೆಸರು ಹೊಡೆದು ಹಾಕೋದು. ತಿಂಗಳೊಪ್ಪತ್ತಿನಲ್ಲಿ ಹೊಸ ಅಧ್ಯಕ್ಷರ ಗೆಳೆಯರ ಹೆಸರು ಸೇರಿಸೋದು. ತೊಟ್ಟಿಯ ತಳದಲ್ಲಿ ತೂತು, ಮೇಲೆ ನಲ್ಲಿ. ನೀರಿನ ಮಟ್ಟ ಇದ್ದಲ್ಲೇ ಇದೆ. ಇದು ನಮ್ಮ ಊರಿನದೊಂದೇ ಕಥೆ ಅಂತ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ. ಜಗತ್ತಿನ ಲೆಕ್ಕವೂ ಇದೇ ಆಗಿದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರೋಟರಿಯ ಸದಸ್ಯರ ಸಂಖ್ಯೆ ಹನ್ನೆರಡು ಲಕ್ಷದ ಆಸುಪಾಸಿನಲ್ಲೇ ಸುತ್ತುತ್ತಿತ್ತು. 2021-22ರಲ್ಲಿ ಕೋಲ್ಕತ್ತಾದ ಶೇಖರ್ ಮೆಹ್ತಾ ಅಂತರರಾಷ್ಟ್ರೀಯ ಅಧ್ಯಕ್ಷರಾದಾಗ "ಒಬ್ಬೊಬ್ಬರೂ ಒಬ್ಬೊಬ್ಬರನ್ನು ಕರೆತನ್ನಿ" ಎಂದು ಕರೆ ಕೊಟ್ಟು ಹದಿಮೂರು ಲಕ್ಷದ ಗುರಿ ಇಟ್ಟರು. ಸೇರಿದವರೇನೋ ಬಹಳ. ಆದರೆ ಬಿಟ್ಟವರೂ ಇದ್ದರಲ್ಲ, ವರ್ಷ ಮುಗಿದಾಗ ಹದಿಮೂರು ಲಕ್ಷ ಮುಟ್ಟಲಿಲ್ಲ.

ಬಿಡೋದಕ್ಕೆ ಕಾರಣ ಏನು? ಚಂದಾ ಜಾಸ್ತಿ ಅಂತ ಕೆಲವರು, ಸಮಯ ಇಲ್ಲ ಅಂತ ಹಲವರು. ಎರಡೂ ಅರ್ಧ ಸತ್ಯ. ನಮ್ಮ ಅಂಬೋಣ ಬೇರೆ. ಸೇರಿಸಿಕೊಳ್ಳುವಾಗ ಕರೆಯೋ ರೀತಿಯಲ್ಲೇ ಕೊರತೆ ಇದೆ. "ಅಣ್ಣಾ, ನೀವು ಹೆಸರು ಕೊಡ್ರಿ ಸಾಕು, ಬಾಕಿ ನಾವು ನೋಡ್ಕೊಂತೀವಿ" ಅನ್ನೋದು ರೂಢಿಯ ಮಾತು. ಹೆಸರು ಸಾಕು ಅಂದಮೇಲೆ ಹೆಸರೊಂದೇ ಬರುತ್ತೆ, ಮನುಷ್ಯ ಬರೋದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೊಸ ಸದಸ್ಯನ ಕೈಗೆ ಒಂದು ಕೆಲಸ ಸಿಗದಿದ್ದರೆ, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಒಬ್ಬರನ್ನೊಬ್ಬರು ಹೊಗಳೋದನ್ನು ಕೇಳಿ, ಎದ್ದು ಹೋಗಿ, ನಾಲ್ಕನೇ ತಿಂಗಳು ಆತ ಬರೋದೇ ಇಲ್ಲ. ಅವನ ತಪ್ಪೇನು?

ಇಲ್ಲೊಂದು ಹಳೆಯ ಕಥೆ ಹೇಳಬೇಕು. ಬಳ್ಳಾರಿಯವರಿಗೆ ಹೇಳಿ ಮಾಡಿಸಿದಂತಿದೆ. 1905ರ ಫೆಬ್ರುವರಿ 23ರ ರಾತ್ರಿ ಅಮೆರಿಕದ ಷಿಕಾಗೊ ಪಟ್ಟಣದಲ್ಲಿ ನಾಲ್ವರು ಸೇರಿದರು. ಕರೆದವರು ಪೌಲ್ ಹ್ಯಾರಿಸ್, ವಕೀಲರು. ಬಂದವರಲ್ಲಿ ಸಿಲ್ವೆಸ್ಟರ್ ಶೀಲೆ ಕಲ್ಲಿದ್ದಲು ವ್ಯಾಪಾರಿ, ಗುಸ್ಟೇವಸ್ ಲೋಹರ್ ಗಣಿ ಇಂಜಿನಿಯರು, ಹೈರಮ್ ಶೋರಿ ದರ್ಜಿ. ಸೇರಿದ್ದು ಆ ಗಣಿ ಇಂಜಿನಿಯರರ ಆಫೀಸಿನಲ್ಲೇ. ಒಂದು ಸಲ ಒಬ್ಬರಲ್ಲಿ, ಮುಂದಿನ ಸಲ ಇನ್ನೊಬ್ಬರಲ್ಲಿ ಸರದಿಯ ಮೇಲೆ ಕೂಡುತ್ತಿದ್ದುದರಿಂದ ರೋಟರಿ ಎಂಬ ಹೆಸರು. ಆಮೇಲೆ ಸೇರಿದ ಹ್ಯಾರಿ ರಗಲ್ಸ್ ಮುದ್ರಣದವರು (ನಮ್ಮ ಜಾತಿ ಅನ್ನಿ), ಸಭೆ ಸಪ್ಪಗಾದಾಗ ಹಾಡು ಹೇಳಿಸಿದ ಆಸಾಮಿ. ಒಂದು ಕಸುಬಿಗೆ ಒಬ್ಬರೇ ಅನ್ನೋದು ಆಗಿನ ನಿಯಮ. ಹತ್ತು ಜನ ಇದ್ದರೆ ಹತ್ತು ಕಸುಬು ಇರಬೇಕು.

ವಿಶೇಷ ಏನಂದರೆ, ಆ ನಾಲ್ವರಲ್ಲೂ ಎಲ್ಲರೂ ಉಳಿಯಲಿಲ್ಲ. ಯಾರ ಆಫೀಸಿನಲ್ಲಿ ಮೊದಲ ಸಭೆ ಆಯಿತೋ ಆ ಲೋಹರ್ ಕೆಲವೇ ವರ್ಷಕ್ಕೆ ಬಿಟ್ಟರು. ಕ್ಲಬ್ಬು ನಿಂತಿದ್ದು ಅದಕ್ಕೊಂದು ಊರ ಕೆಲಸ ಸಿಕ್ಕ ಮೇಲೆ. ಅವರು ಮಾಡಿದ ಮೊದಲ ಸಾರ್ವಜನಿಕ ಸೇವೆ ಯಾವುದು ಬಲ್ಲಿರಾ? ಷಿಕಾಗೊ ನಗರದಲ್ಲಿ ಸಾರ್ವಜನಿಕ ಶೌಚಾಲಯ ಬೇಕೆಂದು ಹಿಡಿದ ಪಟ್ಟು! ನಮ್ಮ ಊರಿನ ಮಾರುಕಟ್ಟೆ ದಿನಗಳಲ್ಲಿ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಪಡೋ ಪಾಡು ನೆನೆಸಿಕೊಂಡರೆ, ನೂರು ವರ್ಷದ ಹಿಂದಿನ ಆ ಕೆಲಸ ನಮಗೆ ಇನ್ನೂ ಹಳೆಯದಾಗಿಲ್ಲ.

ಈಗ ಬಳ್ಳಾರಿಗೆ ಬನ್ನಿ. ವಕೀಲರು ನಮ್ಮಲ್ಲಿ ಬೇಕಾದಷ್ಟು. ಗಣಿಯವರಂತೂ ಕೇಳಲೇಬೇಡಿ, 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಊರಿನ ಎಷ್ಟೋ ದೇಣಿಗೆಯ ಕೈಗಳು ಹಿಂದಕ್ಕೆ ಸರಿದದ್ದು ನೋಡಿದವರು ನಾವು. ವ್ಯಾಪಾರಿಗಳಿದ್ದಾರೆ. ಉಳಿದದ್ದು ನಾಲ್ಕನೆಯವನು, ದರ್ಜಿ. ದೇಶದ ಊರೂರಿಗೆ ಜೀನ್ಸ್ ಪ್ಯಾಂಟು ಹೊಲಿದು ಕಳಿಸುವ ಊರು ನಮ್ಮದು. ಆದರೂ ಪದಗ್ರಹಣದ ಆಹ್ವಾನ ಪತ್ರಿಕೆಯಲ್ಲಿ ವೈದ್ಯರು, ಲೆಕ್ಕ ಪರಿಶೋಧಕರು, ಗುತ್ತಿಗೆದಾರರು, ಮತ್ತೆ ವೈದ್ಯರು. ಹತ್ತು ಹೊಲಿಗೆ ಯಂತ್ರ ಇಟ್ಟುಕೊಂಡು ಹತ್ತು ಮನೆಗೆ ಅನ್ನ ಕೊಡೋ ಮನುಷ್ಯನನ್ನು ಯಾರಾದರೂ "ಬರ್ರಿ" ಅಂತ ಕರೆದಿದ್ದಾರೆಯೇ? ಕರೆಯಬಾರದು ಅಂತ ನಿಯಮ ಎಲ್ಲೂ ಇಲ್ಲ. ಅದೇ ನಾಲ್ಕು ಬೀದಿಯ, ಅದೇ ನಾಲ್ಕು ಮದುವೆಮನೆಯಲ್ಲಿ ಸಿಗೋ ಮುಖಗಳೊಳಗೇ ಸದಸ್ಯರನ್ನು ಹುಡುಕಿದರೆ ತೊಟ್ಟಿಗೆ ಬೇರೆ ನೀರು ಎಲ್ಲಿಂದ ಬರಬೇಕು?

ಹೆಣ್ಣುಮಕ್ಕಳ ಮಾತೂ ಇದೇ. 1977ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಅನ್ನೋ ಸಣ್ಣ ಊರಿನ ರೋಟರಿಯವರು ಮೂವರು ಮಹಿಳೆಯರನ್ನು ಸೇರಿಸಿಕೊಂಡರು. ಮೇಲಿನವರು ಆ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡರು. ಅವರು ಕೋರ್ಟಿಗೆ ಹೋದರು. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಊರಿನವರ ಪರ ತೀರ್ಪು ಕೊಟ್ಟಿತು. 1989ರಲ್ಲಿ ನಿಯಮವೇ ಬದಲಾಯಿತು. ಲಯನ್ಸ್‌ನವರು 1987ರಲ್ಲೇ ಬಾಗಿಲು ತೆರೆದಿದ್ದರು. 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷೆಯೇ ಆದರು. ಆದರೂ ನಮ್ಮ ಕಡೆ "ಮೇಡಂ ಅವರಿಗೆ ಇನ್ನರ್ ವ್ಹೀಲ್ ಇದೆಯಲ್ಲ" ಅನ್ನೋ ಮಾತು ಇನ್ನೂ ಕಿವಿಗೆ ಬೀಳುತ್ತೆ. ಇನ್ನರ್ ವ್ಹೀಲ್ ತನ್ನ ಪಾಡಿಗೆ ಒಳ್ಳೆಯ ಸಂಸ್ಥೆ. ಆದರೆ ಶಾಲೆ ನಡೆಸೋ, ಅಂಗಡಿ ನಡೆಸೋ, ಆಸ್ಪತ್ರೆ ನಡೆಸೋ ಹೆಣ್ಣುಮಗಳನ್ನು "ಯಾರ ಮನೆಯವರು?" ಅಂತ ಕೇಳಿ ಅಲ್ಲಿಗೆ ಕಳಿಸೋದು ಯಾವ ಲೆಕ್ಕ?

ಇನ್ನು ಕುರುಗೋಡು, ಸಿರುಗುಪ್ಪ. ಕುರುಗೋಡು ಈಗ ತಾಲೂಕು. ಸಿರುಗುಪ್ಪದಲ್ಲಿ ಭತ್ತ, ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ. ದುಡಿಯೋರು, ದುಡ್ಡಿದ್ದೋರು, ಊರಿಗೆ ಏನಾದರೂ ಮಾಡಬೇಕು ಅನ್ನೋರು ಅಲ್ಲೂ ಇದ್ದಾರೆ. ಅವರನ್ನು ಬಳ್ಳಾರಿಯ ಕ್ಲಬ್ಬಿಗೆ ಸೇರಿಸಿ ರಾತ್ರಿ ಎಂಟಕ್ಕೆ ಸಭೆ ಇಟ್ಟರೆ ಸಿರುಗುಪ್ಪದವರು ಐವತ್ತು ಕಿಲೋಮೀಟರಿಗೂ ಮೀರಿ ವಾಪಸು ಹೋಗೋದು ಯಾವಾಗ? ಇಪ್ಪತ್ತು ಜನ ಸಿಕ್ಕರೆ ಅವರದೇ ಕ್ಲಬ್ಬು ಆಗುತ್ತೆ. ವಾರವಾರ ಕೂಡಲೇಬೇಕೆಂಬ ಕಟ್ಟೂ ಈಗಿಲ್ಲ. 2016ರಿಂದ ರೋಟರಿಯಲ್ಲಿ ತಿಂಗಳಿಗೆ ಎರಡು ಸಲ ಸೇರಿದರೂ ಸಾಕು. ಒಗ್ಗರಣಿ-ಮಿರ್ಚಿ ತರಿಸಿ ಅಕ್ಕಿ ಗಿರಣಿಯ ಅಂಗಳದಲ್ಲೇ ಕೂಡಲಿ, ಸ್ಟಾರ್ ಹೋಟೆಲೇ ಬೇಕೆಂದು ಯಾರು ಹೇಳಿದರು?

ಕೆಲಸ ಕೊಟ್ಟರೆ ಜನ ನಿಲ್ಲುತ್ತಾರೆ ಅನ್ನೋದಕ್ಕೆ ಸಾಕ್ಷಿ ಬೇಕಾದರೆ ಪೋಲಿಯೊ ನೋಡಿ. ರೋಟರಿ 1985ರಲ್ಲಿ ಅದನ್ನು ಕೈಗೆತ್ತಿಕೊಂಡಿತು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು. ಬೆಳಿಗ್ಗೆ ಬೂತಿಗೆ ಮೇಜು ಕುರ್ಚಿ ಹಾಕಿಸೋದು, ಲಸಿಕೆ ಹಾಕೋ ಅಕ್ಕಂದಿರಿಗೆ ಊಟ ಮುಟ್ಟಿಸೋದು, ಬಾರದ ಮನೆಗೆ ಹೋಗಿ ಅಜ್ಜಿಯನ್ನು ಒಪ್ಪಿಸೋದು. ದೊಡ್ಡ ಭಾಷಣದ ಕೆಲಸ ಅಲ್ಲ. ಸರ್ಕಾರದ ಸಿಬ್ಬಂದಿಯೇ ಮುಖ್ಯ ಭಾರ ಹೊತ್ತರು, ನಿಜ. ಆದರೆ ಕ್ಲಬ್ಬಿನವರಿಗೆ ಇಂಥ ಭಾನುವಾರ ಇಂಥ ಜಾಗದಲ್ಲಿ ಇರಬೇಕು ಅನ್ನೋದು ಗೊತ್ತಿತ್ತು. 2011ರ ಜನವರಿ 13ರಂದು ಹೌರಾದಲ್ಲಿ ಕಂಡ ಒಂದು ಮಗುವಿನದೇ ದೇಶದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಪ್ರಮಾಣಪತ್ರ ಬಂತು. ಆ ಭಾನುವಾರಗಳಿಗೆ ಹೋದವರು ಇವತ್ತಿಗೂ ಆ ಮಾತು ತೆಗೆದರೆ ಸಾಕು, ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ನಾಯಕತ್ವದ ತೊಡಕು ಒಂದೇ ಒಂದು ವರ್ಷದ ಪಟ್ಟ. ಮೂರು ತಿಂಗಳು ಸನ್ಮಾನ, ಒಂದು ದಿನ ಗವರ್ನರ್ ಭೇಟಿ (ರಾಜ್ಯಪಾಲರಲ್ಲ, ಇವರ ಜಿಲ್ಲೆಯ ಮುಖ್ಯಸ್ಥರು, ರೋಟರಿಯ ನಕ್ಷೆಯಲ್ಲಿ ಬಳ್ಳಾರಿ ಅನಂತಪುರ, ಕರ್ನೂಲಿನ ಜತೆ 3160ನೇ ಜಿಲ್ಲೆ), ಅಷ್ಟರಲ್ಲಿ ಮುಂದಿನವರ ಆಯ್ಕೆ. ಹಿಂದಿನವರು ಶುರು ಮಾಡಿದ್ದನ್ನು ಮುಂದಿನವರು ಮುಟ್ಟೋದಿಲ್ಲ, "ಅದು ಅವರ ವರ್ಷದ್ದು". ಹಾರ ಅಧ್ಯಕ್ಷರಿಗೆ, ಭಾರ ಕಾರ್ಯದರ್ಶಿಗೆ. ಅಧ್ಯಕ್ಷ ಸ್ಥಾನಕ್ಕೆ ಪೈಪೋಟಿ. ಕಾರ್ಯದರ್ಶಿ ಆಗ್ರಿ ಅಂದರೆ ಎಲ್ಲರೂ ಮೊಬೈಲು ನೋಡುತ್ತಾರೆ. ಹಿಂದಿನ, ಈಗಿನ, ಮುಂದಿನ ಮೂವರು ಅಧ್ಯಕ್ಷರು ಒಂದು ಮೇಜಿಗೆ ಕೂತು ಮೂರು ವರ್ಷಕ್ಕೆ ಒಂದೇ ಕೆಲಸ ಹಿಡಿದ ಕ್ಲಬ್ಬಿನಲ್ಲಿ ಜೂನ್ ತಿಂಗಳ ಪಟ್ಟಿ ಇಷ್ಟು ಕೆಂಪಾಗಿರೋದಿಲ್ಲ.

ಮುಂದಿನ ಪದಗ್ರಹಣದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವಾಗ ಹೊಸ ಸದಸ್ಯರ ಹೆಸರಿನ ಕೆಳಗೆ ಒಂದು ಸಾಲು ಸೇರಿಸಲಿ: ಕಳೆದ ವರ್ಷ ಸೇರಿದವರು ಇಷ್ಟು, ಈಗ ಇರುವವರು ಇಷ್ಟು. ಒಂದು ಸಾಲಿಗೆ ಪ್ರೆಸ್ಸಿನವರು ಹೆಚ್ಚಿಗೆ ಕಾಸು ಕೇಳೋದಿಲ್ಲ.